ಕೀಮೋ ನಂತರ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್: ಯಾರಿಗೆ ಬೇಕು, ಯಾವಾಗ ಹಾಕಬೇಕು, ಮೂಳೆ ನೋವಿಗೆ ಏನು ಮಾಡಬೇಕು?

ಸಂಜೆಮಲ್ಲಿಗೆ:

ಅಮ್ಮನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಈಗ ಕೀಮೋ ನಡೆಯುತ್ತಿದೆ. ಈ ಬಾರಿ ಕೀಮೋದ ಮುಂದಿನ ಸುತ್ತು, ಅಂದರೆ ಸೈಕಲ್‌ಗೆಂದು ಹೋದರೆ ವೈದ್ಯರು ರಕ್ತದ ವರದಿ ನೋಡಿ, “ಕೌಂಟ್ ಸಾಲದು, ಒಂದು ವಾರ ಬಿಟ್ಟು ಬನ್ನಿ” ಎಂದು ವಾಪಸ್ ಕಳುಹಿಸಿದರು. ಮುಂದಿನ ಸಲದಿಂದ ಪ್ರತಿ ಕೀಮೋ ಆದ ಮರುದಿನ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಹಾಕಿಸಬೇಕಂತೆ. ಪೆಗ್‌ಫಿಲ್‌ಗ್ರಾಸ್ಟಿಮ್ ಎಂದು ಬರೆದುಕೊಟ್ಟಿದ್ದಾರೆ.

ವರದಿಯಲ್ಲಿ ಒಟ್ಟು ಬಿಳಿ ರಕ್ತಕಣ 2,400, ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಗೆ ಶೇ. 38 ಎಂದಿದೆ. ಮನೆಯವರೆಲ್ಲ ಕೇಳುತ್ತಿರುವುದು ಒಂದೇ: ಇಂಥ ಇಂಜೆಕ್ಷನ್ ಇರುವುದಾದರೆ ಅವತ್ತೇ ಹಾಕಿ, ಕೌಂಟ್ ಏರಿಸಿ, ಒಂದೆರಡು ದಿನದಲ್ಲಿ ಕೀಮೋ ಕೊಡಬಹುದಿತ್ತಲ್ಲ? ನನ್ನ ಪ್ರಶ್ನೆ ಬೇರೆ. ಕೀಮೋ ದಿನವೇ ಇದನ್ನೂ ಹಾಕಿಸಿಕೊಂಡು ಬಂದರೆ ಮರುದಿನ ಸುಸ್ತಾಗಿ ಮಲಗಿದವರನ್ನು ಎಬ್ಬಿಸಿಕೊಂಡು ಮತ್ತೆ ಹೋಗುವುದು ತಪ್ಪುತ್ತದೆ. ಅದು ಯಾಕೆ ಆಗದು? ಇದರ ಜೊತೆಗೆ, ಮೂಳೆ ನೋವು ಸಹಿಸುವುದಕ್ಕಾಗುವುದಿಲ್ಲ ಎಂದು ಪಕ್ಕದ ಹಾಸಿಗೆಯವರು ಹೇಳಿದ್ದಾರೆ. ಅಮ್ಮ ಇಂಜೆಕ್ಷನ್‌ಗೆ ಮೊದಲೇ ಹೆದರಿದ್ದಾರೆ. ತಿಳಿದವರು ಹೇಳಿ.

ಲೆಕ್ಕಿಗ:

ಮೊದಲು ವರದಿಯನ್ನು ಓದೋಣ. 2,400ರಲ್ಲಿ ಶೇ. 38 ಎಂದರೆ 912. ಇದನ್ನೇ ಎ.ಎನ್.ಸಿ. ಎನ್ನುವುದು, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇರುವ ನ್ಯೂಟ್ರೋಫಿಲ್‌ಗಳ ಸಂಖ್ಯೆ. ವರದಿಯಲ್ಲಿ ಬ್ಯಾಂಡ್ ಕೋಶಗಳ (ಇನ್ನೂ ಪೂರ್ತಿ ಬಲಿಯದ ನ್ಯೂಟ್ರೋಫಿಲ್) ಸಾಲು ಬೇರೆ ಇದ್ದರೆ ಆ ಶೇಕಡಾವಾರನ್ನೂ ಕೂಡಿಸಿಕೊಂಡು ಗುಣಿಸಬೇಕು. ಒಟ್ಟು ಕೌಂಟ್ ದಪ್ಪಕ್ಷರದಲ್ಲಿರುತ್ತದೆ, ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ವೈದ್ಯರು ಲೆಕ್ಕ ಹಾಕುವುದು ಮಾತ್ರ ಈ 912ನ್ನು.

1,500ಕ್ಕಿಂತ ಕೆಳಗಿಳಿದರೆ ನ್ಯೂಟ್ರೋಪೀನಿಯಾ ಎನ್ನುತ್ತಾರೆ. 500ಕ್ಕಿಂತ ಕೆಳಗೆ ಹೋದರೆ ತೀವ್ರ, ನಿಜವಾದ ಅಪಾಯ ಅಲ್ಲಿಂದ ಶುರು. ಅಂದರೆ ನಿಮ್ಮ ಅಮ್ಮ ಗಂಡಾಂತರದಲ್ಲಿರಲಿಲ್ಲ. ಆದರೆ ಅಷ್ಟು ಕಡಿಮೆ ಇರುವಾಗಲೇ ಮುಂದಿನ ಕೀಮೋ ಕೊಟ್ಟರೆ ಕೌಂಟ್ ಇನ್ನೂ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೇ ಮುಂದೂಡಿದ್ದಾರೆ.

ಈ ಕಣಗಳೇ ಯಾಕೆ ಮೊದಲು ಕುಸಿಯುತ್ತವೆ ಎಂದರೆ ಅವುಗಳ ಆಯಸ್ಸೇ ಕಡಿಮೆ. ರಕ್ತದಲ್ಲಿ ಅವು ಸುತ್ತಾಡುವುದು ಗಂಟೆಗಳ ಲೆಕ್ಕದಲ್ಲಿ. ಆರೋಗ್ಯವಂತ ದೇಹದ ಮೂಳೆಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಕೀಮೋ ಹೊಡೆಯುವುದು ವೇಗವಾಗಿ ವಿಭಜನೆಯಾಗುವ ಕೋಶಗಳನ್ನು. ಮಜ್ಜೆಯೂ ಅದರ ಹಾದಿಯಲ್ಲೇ ಸಿಗುತ್ತದೆ. ಕೆಂಪು ಕಣ ತಿಂಗಳುಗಟ್ಟಲೆ ಬದುಕುವುದರಿಂದ ಅದರ ಕೊರತೆ ನಿಧಾನವಾಗಿ ಗೊತ್ತಾಗುತ್ತದೆ, ನ್ಯೂಟ್ರೋಫಿಲ್ ಕೊರತೆ ಒಂದು ವಾರದಲ್ಲೇ.

ದಾದಿಯಮ್ಮ:

ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸಂಜೆಮಲ್ಲಿಗೆ ಅವರೇ, ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ.

ಈ ಇಂಜೆಕ್ಷನ್ ಹೊಸ ಕಣಗಳನ್ನು ಹೊರಗಿನಿಂದ ತುಂಬುವುದಿಲ್ಲ. ಜಿ-ಸಿಎಸ್‌ಎಫ್ ಎಂಬ ಪ್ರೋಟೀನ್ ನಮ್ಮ ದೇಹದಲ್ಲೇ ಇದೆ. ಅದು ಮಜ್ಜೆಯ ಎಳೆಯ ಕೋಶಗಳಿಗೆ “ಬೇಗ ವಿಭಜನೆಯಾಗಿ, ಬೇಗ ಬಲಿಯಿರಿ” ಎಂದು ಹೇಳುತ್ತದೆ. ಅದನ್ನೇ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿ ಸಿರಿಂಜ್‌ನಲ್ಲಿ ಕೊಡುತ್ತಾರೆ. ಈಗ ಯೋಚಿಸಿ: ಕೀಮೋ ಔಷಧ ಇನ್ನೂ ಮೈಯಲ್ಲಿ ಓಡಾಡುತ್ತಿರುವಾಗ ಮಜ್ಜೆಯ ಕೋಶಗಳನ್ನು ವಿಭಜನೆಗೆ ಹುರಿದುಂಬಿಸಿದರೆ ಏನಾಗುತ್ತದೆ? ಕಳೆನಾಶಕ ಸಿಂಪಡಿಸುವ ಹೊತ್ತಿಗೆ ಸರಿಯಾಗಿ ಸಸಿ ನೆಟ್ಟ ಹಾಗಾಗುತ್ತದೆ. ಅದಕ್ಕೇ ಕೀಮೋ ಮುಗಿದು ಕನಿಷ್ಠ 24 ಗಂಟೆ ಕಳೆಯಬೇಕು ಎನ್ನುವುದು. ಮುಂದಿನ ಕೀಮೋಗೆ ಮುಂಚೆಯೂ ಹಾಗೆಯೇ. ಪೆಗ್‌ಫಿಲ್‌ಗ್ರಾಸ್ಟಿಮ್ ಮೈಯಲ್ಲಿ ಬಹಳ ದಿನ ಇರುವುದರಿಂದ ಕೀಮೋಗೆ ಮುಂಚಿನ 14 ದಿನಗಳಲ್ಲಿ ಅದನ್ನು ಕೊಡಬಾರದು ಎಂದು ಔಷಧದ ಮಾಹಿತಿ ಪತ್ರದಲ್ಲೇ ಇದೆ. “ಇವತ್ತು ಹಾಕಿ, ನಾಳಿದ್ದು ಕೀಮೋ ಕೊಡಿ” ಎಂದು ಕೇಳುವ ಮನೆಯವರಿಗೆ ಇದನ್ನು ಹೇಳಿ.

ಕೀಮೋ ದಿನವೇ ಮುಗಿಸುವುದಕ್ಕೆ ಒಂದು ದಾರಿ ಇದೆ. ಚರ್ಮಕ್ಕೆ ಅಂಟಿಸುವ ಪುಟ್ಟ ಸಾಧನ ಬರುತ್ತದೆ. ಕೀಮೋ ಮುಗಿದ ಮೇಲೆ ಹೊಟ್ಟೆಗೋ ತೋಳಿಗೋ ಅಂಟಿಸಿ ಕಳುಹಿಸುತ್ತಾರೆ; ಸುಮಾರು 27 ಗಂಟೆ ಕಾದು ಅದು ತಾನೇ ಔಷಧವನ್ನು ಒಳಗೆ ಬಿಡುತ್ತದೆ. ಎಲ್ಲ ಕಡೆ ಸಿಗುವುದಿಲ್ಲ, ಕೇಳಿ ನೋಡಿ. ಇಲ್ಲವಾದರೆ ಮನೆಯಲ್ಲೇ ಹಾಕುವುದನ್ನು ಕಲಿಸಿಕೊಡುವಂತೆ ನರ್ಸ್‌ಗೆ ಹೇಳಿ. ಚರ್ಮದ ಕೆಳಗೆ ಹಾಕುವ ಸಣ್ಣ ಸೂಜಿ ಅದು, ಕಲಿಯುವುದಕ್ಕೆ ಕಷ್ಟವೇನಿಲ್ಲ.

ಅರಳಿಕಟ್ಟೆ:

ನನಗೊಂದು ಅನುಮಾನ. ನನ್ನ ಭಾವನವರಿಗೂ ಕೀಮೋ ಆಯಿತು. ಒಂದೇ ಒಂದು ಸಲವೂ ಈ ಇಂಜೆಕ್ಷನ್ ಕೊಡಲಿಲ್ಲ, ಅವರು ಚೆನ್ನಾಗಿಯೇ ಇದ್ದಾರೆ. ಇಲ್ಲಿ ನೋಡಿದರೆ ಎಲ್ಲರಿಗೂ ಬರೆಯುತ್ತಾರೆ. ಔಷಧ ಕಂಪನಿಗಳ ಆಟವಲ್ಲವೇ ಇದು? ಮಜ್ಜೆಯನ್ನು ಹೀಗೆ ಬಲವಂತವಾಗಿ ದುಡಿಸಿದರೆ ನಾಳೆ ಅದಕ್ಕೇ ಕ್ಯಾನ್ಸರ್ ಬರುವುದಿಲ್ಲವೇ?

ಲೆಕ್ಕಿಗ:

ಅರಳಿಕಟ್ಟೆ ಅವರೇ, ಎಲ್ಲರಿಗೂ ಬರೆಯುವುದಿಲ್ಲ, ಬರೆಯಲೂಬಾರದು. ಯಾವ ಕೀಮೋ ಎನ್ನುವುದರ ಮೇಲೆ ಅದು ನಿಂತಿದೆ. ಕೆಲವು ಔಷಧ ಜೋಡಣೆಗಳಲ್ಲಿ, ಕೌಂಟ್ ತೀರಾ ಕುಸಿದಿರುವಾಗ ಜ್ವರ ಬರುವ ಸಾಧ್ಯತೆ ಶೇ. 20ಕ್ಕಿಂತ ಹೆಚ್ಚು, ಅವಕ್ಕೆ ಮೊದಲ ಸೈಕಲ್‌ನಿಂದಲೇ ಇಂಜೆಕ್ಷನ್ ಕೊಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಶೇ. 10ರಿಂದ 20ರ ನಡುವೆ ಇದ್ದರೆ ರೋಗಿಯನ್ನು ನೋಡಿ ನಿರ್ಧಾರ: ವಯಸ್ಸು 65 ದಾಟಿದೆಯೇ, ಮೊದಲೇ ಕೀಮೋ ಅಥವಾ ವಿಕಿರಣ ಆಗಿದೆಯೇ, ಕಿಡ್ನಿ, ಲಿವರ್ ಹೇಗಿದೆ ಇತ್ಯಾದಿ. ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬೇಡ. ನಿಮ್ಮ ಭಾವನವರದು ಆ ಕೊನೆಯ ಗುಂಪಿನದಾಗಿರಬಹುದು.

ಇನ್ನೊಂದು ಮಾತು. ಜ್ವರವಿಲ್ಲದೆ ಬರೀ ಕೌಂಟ್ ಕಡಿಮೆ ಬಂದಿದೆ ಎಂಬ ಕಾರಣಕ್ಕೆ ಇಂಜೆಕ್ಷನ್ ಹಾಕುವುದನ್ನು ಅವೇ ಮಾರ್ಗಸೂಚಿಗಳು ಪ್ರೋತ್ಸಾಹಿಸುವುದಿಲ್ಲ. ಕಾಗದದ ಮೇಲಿನ ಸಂಖ್ಯೆಗೆ ಮದ್ದು ಕೊಡುವ ಚಟ ನಮ್ಮಲ್ಲಿ, ರೋಗಿಗಳ ಮನೆಯವರಲ್ಲಿ, ವೈದ್ಯರಿಗಿಂತ ಜೋರು. ಸಂಜೆಮಲ್ಲಿಗೆ ಅವರ ವೈದ್ಯರು ಒಂದು ವಾರ ಕಾಯಿಸಿದ್ದು ಸರಿಯೇ. 912 ತಾನಾಗಿಯೇ ಏರುತ್ತದೆ. ಮುಂದೆ ಹೀಗಾಗದಿರಲಿ ಎಂದು ಇಂಜೆಕ್ಷನ್ ಬರೆದಿದ್ದಾರೆ, ಅದು ಬೇರೆ ವಿಷಯ.

ರಕ್ತದ ಕ್ಯಾನ್ಸರ್‌ನ ಪ್ರಶ್ನೆ ನ್ಯಾಯವಾದದ್ದೇ. ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಮೋ, ವಿಕಿರಣದ ಜೊತೆ ಇದನ್ನು ಪಡೆದವರಲ್ಲಿ ಮುಂದೆ ಮಜ್ಜೆಯ ಕಾಯಿಲೆ, ಲ್ಯುಕೇಮಿಯಾ ಸ್ವಲ್ಪ ಹೆಚ್ಚು ಕಂಡಿದೆ ಎಂದು ಔಷಧದ ಮಾಹಿತಿ ಪತ್ರದಲ್ಲೇ ಎಚ್ಚರಿಕೆ ಇದೆ. ಆದರೆ ಇಂಜೆಕ್ಷನ್ ಪಡೆದವರಿಗೆ ಕೀಮೋ ಪ್ರಮಾಣವೂ ಹೆಚ್ಚು ಸಿಕ್ಕಿರುತ್ತದೆ, ಕೀಮೋಗೇ ಆ ಅಪಾಯ ಇದೆ. ಯಾವುದು ಎಷ್ಟು ಕಾರಣ ಎಂದು ಬಿಡಿಸುವುದು ಕಷ್ಟ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಇಂಜೆಕ್ಷನ್ ಪಡೆದವರ ಗುಂಪಿನಲ್ಲಿ ಸಾವು ಕಡಿಮೆಯೇ ಇತ್ತು. ಆ ಸಣ್ಣ ಅಪಾಯವನ್ನು ಈ ತಕ್ಕಡಿಯಲ್ಲಿಟ್ಟು ನೋಡಬೇಕು.

ಅರಳಿಕಟ್ಟೆ:

ಕೌಂಟ್ ಇಳಿದರೆ ಕೀಮೋ ಪ್ರಮಾಣವನ್ನೇ ಸ್ವಲ್ಪ ಇಳಿಸಬಹುದಲ್ಲ? ಇಂಜೆಕ್ಷನ್ನಿನ ಗೊಡವೆಯೇ ಇರುವುದಿಲ್ಲ.

ಹಳೆಯ ಕೊಡೆ:

ಇಳಿಸಬಹುದು, ಇಳಿಸುತ್ತಾರೆ ಕೂಡ. ರೋಗ ವಾಸಿಯಾಗುವ ಹಂತ ದಾಟಿ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಕೊಡುವ ಕೀಮೋ ಆದರೆ ಅದೇ ಒಳ್ಳೆಯದು. ವಾಸಿ ಮಾಡಬೇಕೆಂದೇ ಕೊಡುತ್ತಿರುವಾಗ ಪ್ರಮಾಣ, ಸಮಯ ಎರಡನ್ನೂ ಬಿಟ್ಟುಕೊಡಲು ವೈದ್ಯರು ಒಪ್ಪುವುದಿಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಮೂರು ವಾರಕ್ಕೊಮ್ಮೆ ಕೊಡುತ್ತಿದ್ದ ಕೀಮೋವನ್ನು ಎರಡು ವಾರಕ್ಕೊಮ್ಮೆ ಕೊಡಲು ಸಾಧ್ಯವಾದದ್ದೇ ಈ ಇಂಜೆಕ್ಷನ್ನಿನ ಬೆಂಬಲದಿಂದ.

ನನಗೆ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಇತ್ತು. ನನಗೆ ಕೊಟ್ಟದ್ದು ಪೆಗ್‌ಫಿಲ್‌ಗ್ರಾಸ್ಟಿಮ್ ಅಲ್ಲ, ದಿನಾ ಹಾಕಿಕೊಳ್ಳುವ ಫಿಲ್‌ಗ್ರಾಸ್ಟಿಮ್. ನೋವಿನ ವಿಷಯ ಬಂದಿದೆಯಾದ್ದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸೂಜಿ ಏನೂ ಅಲ್ಲ. ನೋವು ಶುರುವಾಗುವುದು ಆಮೇಲೆ, ಸೊಂಟದ ಕೆಳಗೆ, ಎದೆಯ ನಡುಮೂಳೆಯಲ್ಲಿ, ತೊಡೆಯಲ್ಲಿ. ಮಜ್ಜೆ ಹೆಚ್ಚಾಗಿರುವುದೂ ಅಲ್ಲೇ. ಅದು ಗಾಯದ ನೋವಿನಂತೆ ಒಂದೇ ಸಮನೆ ಇರುವುದಿಲ್ಲ. ನಾಡಿಯ ಜೊತೆ ಮಿಡಿಯುತ್ತದೆ. ರಾತ್ರಿ ಮಗ್ಗುಲು ಬದಲಿಸಿದರೂ ಅಷ್ಟೇ, ಎದ್ದು ಕುಳಿತರೂ ಅಷ್ಟೇ. ಹಾಸಿಗೆಯ ಅಂಚಿನಲ್ಲಿ ಕುಳಿತು ಎರಡೂ ಅಂಗೈಗಳಿಂದ ಸೊಂಟದ ಮೂಳೆಯನ್ನು ಅದುಮಿ ಹಿಡಿದರೆ ನನಗೆ ಸ್ವಲ್ಪ ಹಗುರವೆನಿಸುತ್ತಿತ್ತು. ಎರಡು ಮೂರು ದಿನ ಏರಿ ಇಳಿದು ಹೋಗುತ್ತಿತ್ತು. ಮೊದಲ ಸೈಕಲ್‌ನಲ್ಲಿ ಹೆಚ್ಚು, ಆಮೇಲೆ ಕಡಿಮೆ. ಎಲ್ಲರಿಗೂ ಇಷ್ಟು ಬರುವುದಿಲ್ಲ, ನನ್ನ ಪಕ್ಕದ ಕುರ್ಚಿಯಲ್ಲಿ ಕೀಮೋ ಹಾಕಿಸಿಕೊಳ್ಳುತ್ತಿದ್ದ ಹಿರಿಯರು “ನೋವಾ? ಯಾವ ನೋವು?” ಎಂದು ಕೇಳಿ ನನ್ನ ಹೊಟ್ಟೆ ಉರಿಸಿದ್ದರು.

ಸಂಜೆಮಲ್ಲಿಗೆ:

ಓದಿ ಅರ್ಧ ಹೆದರಿಕೆ ಕಡಿಮೆಯಾಯಿತು, ಅರ್ಧ ಹೆಚ್ಚಾಯಿತು. ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಸಾಕೇ? ಮನೆಯಲ್ಲಿ ಇದೆ.

ದಾದಿಯಮ್ಮ:

ನಿಲ್ಲಿ. ಈ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು.

ಪ್ಯಾರಾಸಿಟಮಾಲ್ ನೋವಿಗೆ ಕೊಡುವುದು ವಾಡಿಕೆಯೇ. ಆದರೆ ಅದು ಜ್ವರವನ್ನೂ ಇಳಿಸುತ್ತದೆ. ನ್ಯೂಟ್ರೋಫಿಲ್ ಇಲ್ಲದ ದೇಹದಲ್ಲಿ ಸೋಂಕು ತಗುಲಿದರೆ ಕೀವು ಕಟ್ಟುವುದಿಲ್ಲ, ಕೆಂಪಾಗಿ ಊದುವುದಿಲ್ಲ, ಕಫ ಕೂಡ ಸರಿಯಾಗಿ ಬರುವುದಿಲ್ಲ. ಇವೆಲ್ಲ ನ್ಯೂಟ್ರೋಫಿಲ್‌ಗಳು ಹೋರಾಡಿದ ಗುರುತುಗಳು, ಹೋರಾಡುವವರೇ ಇಲ್ಲ. ಉಳಿಯುವ ಏಕೈಕ ಸೂಚನೆ ಎಷ್ಟೋ ಸಲ ಜ್ವರ. ಅದನ್ನೂ ಮಾತ್ರೆಯಿಂದ ಮುಚ್ಚಿಬಿಟ್ಟರೆ ರಕ್ತದಲ್ಲಿ ಸೋಂಕು ಹರಡಿ ಬಿ.ಪಿ. ಬಿದ್ದ ಮೇಲೆಯೇ ಗೊತ್ತಾಗುವುದು. ಆದ್ದರಿಂದ ಪ್ರತಿ ಸಲ ಮಾತ್ರೆ ಕೊಡುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ, ಬರೆದಿಡಿ. ಬಾಯಿಯಲ್ಲೋ ಕಂಕುಳಲ್ಲೋ ಇಡಿ, ಗುದದ್ವಾರದಲ್ಲಿ ಮಾತ್ರ ಬೇಡ. ಅಲ್ಲಿ ಸಣ್ಣ ಗೀರು ಬಿದ್ದರೂ ಸೋಂಕಿಗೆ ದಾರಿ.

100.4 ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್. ಈ ಸಂಖ್ಯೆಯನ್ನು ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿ. ಅಷ್ಟು ಬಂತೆಂದರೆ ಮಾತ್ರೆ ಕೊಟ್ಟು ಕಾಯಬೇಡಿ, ಬೆಳಗಾಗಲಿ ಎನ್ನಬೇಡಿ, ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ತುರ್ತು ವಿಭಾಗದ ಬಾಗಿಲಲ್ಲೇ “ಕೀಮೋ ರೋಗಿ, ಜ್ವರ ಬಂದಿದೆ” ಎಂದು ಹೇಳಿ, ಸರತಿಯಲ್ಲಿ ಕೂರಬೇಡಿ. ಬಂದ ಒಂದು ಗಂಟೆಯೊಳಗೆ ಆಂಟಿಬಯೊಟಿಕ್‌ನ ಮೊದಲ ಡೋಸ್ ರಕ್ತನಾಳಕ್ಕೆ ಹೋಗಬೇಕು ಎನ್ನುವುದು ಎಲ್ಲ ಕಡೆಯ ನಿಯಮ. ಜ್ವರವಿಲ್ಲದೆ ಚಳಿ ನಡುಕ ಬಂದರೂ, ಇದ್ದಕ್ಕಿದ್ದಂತೆ ಮಂಕಾಗಿ ಮಾತು ತಡವರಿಸಿದರೂ ಇದೇ.

ಇಂಜೆಕ್ಷನ್ ಹಾಕಿಸಿದ್ದೇವೆ, ಇನ್ನು ಸೋಂಕು ಬರುವುದಿಲ್ಲ ಎಂದು ಮನೆಯವರು ನಿಶ್ಚಿಂತೆಯಾಗಿ ಕುಳಿತ ಪ್ರಸಂಗಗಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಕೌಂಟ್ ಕುಸಿಯುವುದನ್ನು ಈ ಇಂಜೆಕ್ಷನ್ ಪೂರ್ತಿ ತಡೆಯುವುದಿಲ್ಲ. ಕೀಮೋ ಆಗಿ ಒಂದು ವಾರದಿಂದ ಎರಡು ವಾರದ ನಡುವೆ ಅದು ತಳ ಮುಟ್ಟಿಯೇ ಮುಟ್ಟುತ್ತದೆ. ತಳದಲ್ಲಿ ಇರುವ ದಿನಗಳು ಕಡಿಮೆಯಾಗುತ್ತವೆ, ಅಷ್ಟೇ. ಆ ದಿನಗಳಲ್ಲಿ ಎಚ್ಚರ ಮೊದಲಿನಷ್ಟೇ ಇರಬೇಕು.

ಹಳೆಯ ಕೊಡೆ:

ಇದಕ್ಕೆ ನನ್ನದೂ ಒಂದು ಸಹಿ. ಕೀಮೋ ಜೊತೆ ಕೊಡುವ ಸ್ಟೆರಾಯ್ಡ್ ಕೂಡ ಜ್ವರವನ್ನು ಅಡಗಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. “ಜ್ವರ ಇಲ್ಲ, ಆದರೆ ಏನೋ ಸರಿಯಿಲ್ಲ” ಎಂದು ರೋಗಿ ಹೇಳಿದರೆ ನಂಬಿ.

ದಾದಿಯಮ್ಮ:

ಹೌದು. ನೋವಿನ ವಿಷಯ ಮುಗಿಸಿಬಿಡುತ್ತೇನೆ. ಕೆಲವು ವೈದ್ಯರು ಲೊರಾಟಡಿನ್ ಎಂಬ ಅಲರ್ಜಿ ಮಾತ್ರೆ ಕೊಡುತ್ತಾರೆ. ಕೆಲವರಿಗೆ ಅದು ಚೆನ್ನಾಗಿ ಹಿಡಿಸುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ನ್ಯಾಪ್ರೊಕ್ಸೆನ್ ಮೂಳೆ ನೋವನ್ನು ಕಡಿಮೆ ಮಾಡುತ್ತದೆ ಎಂದು ಪ್ರಯೋಗದಲ್ಲಿ ಕಂಡಿದೆ. ಆದರೆ ಆ ಜಾತಿಯ ಮಾತ್ರೆಗಳು ಕಿಡ್ನಿಗೆ ಭಾರ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ರಕ್ತಸ್ರಾವದ ಭಯ, ಜ್ವರವನ್ನೂ ಮುಚ್ಚುತ್ತವೆ. ವೈದ್ಯರನ್ನು ಕೇಳದೆ ಬೇಡ.

ಒಂದು ನೋವನ್ನು ಮಾತ್ರ ಮೂಳೆ ನೋವಿನ ಲೆಕ್ಕಕ್ಕೆ ಸೇರಿಸಬೇಡಿ: ಹೊಟ್ಟೆಯ ಎಡಭಾಗದ ಮೇಲ್ಗಡೆ, ಅಥವಾ ಎಡ ಹೆಗಲ ತುದಿಯಲ್ಲಿ ಬರುವ ನೋವು. ಅಪರೂಪಕ್ಕೆ ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ, ಇನ್ನೂ ಅಪರೂಪಕ್ಕೆ ಒಡೆಯುತ್ತದೆ. ಉಸಿರು ಸಿಕ್ಕಿಹಾಕಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಮುಖ ಊದಿಕೊಂಡರೆ ಕೂಡ ಕಾಯಬಾರದು. ಕುಡಗೋಲು ಕಣದ ರಕ್ತಹೀನತೆ (ಸಿಕಲ್ ಸೆಲ್) ಇರುವವರು ಮೊದಲೇ ಹೇಳಬೇಕು, ಅವರಿಗೆ ಈ ಇಂಜೆಕ್ಷನ್ ಗಂಭೀರ ತೊಂದರೆ ತರಬಲ್ಲದು.

ನಿರ್ವಾಹಕ:

ಚರ್ಚೆ ಉಪಯುಕ್ತವಾಗಿದೆ, ಮುಂದುವರಿಯಲಿ. ಒಂದು ಬಿನ್ನಹ: ಯಾರೂ ಇನ್ನೊಬ್ಬರಿಗೆ ಡೋಸ್ ಬದಲಿಸಲು ಸಲಹೆ ಕೊಡಬೇಡಿ. ಅಂಥ ಒಂದು ಬರಹವನ್ನು ಈಗಷ್ಟೇ ತೆಗೆದಿದ್ದೇನೆ.

ಮುಂಗಾರು:

ದಿನಾ ಹಾಕುವುದಕ್ಕೂ ಸೈಕಲ್‌ಗೆ ಒಂದು ಸಲ ಹಾಕುವುದಕ್ಕೂ ವ್ಯತ್ಯಾಸವೇನು? ನನ್ನ ತಂಗಿಗೆ ದಿನಾ ಹಾಕುವುದನ್ನು ಕೊಟ್ಟಿದ್ದಾರೆ. ಎರಡೇ ಇಂಜೆಕ್ಷನ್‌ಗೆ ಕೌಂಟ್ ಜಿಗಿದು ನಿಂತಿದೆ. ಇನ್ನು ನಿಲ್ಲಿಸಿಬಿಡೋಣ ಎನ್ನುತ್ತಿದ್ದಾಳೆ.

ಲೆಕ್ಕಿಗ:

ನಿಲ್ಲಿಸಬೇಡಿ, ವೈದ್ಯರು ಹೇಳುವ ತನಕ. ಶುರುವಿನ ಆ ಜಿಗಿತ ನಂಬಿಕೆಗೆ ಅರ್ಹವಲ್ಲ. ಮಜ್ಜೆಯಲ್ಲಿ ಆಗಲೇ ಬಲಿತು ಕುಳಿತಿದ್ದ ದಾಸ್ತಾನು ರಕ್ತಕ್ಕೆ ಇಳಿದದ್ದು ಅದು. ಕೀಮೋದ ಹೊಡೆತ ಕಾಣಿಸಿಕೊಳ್ಳುವುದು ಇನ್ನೂ ಮುಂದೆ. ತಳ ಮುಟ್ಟಿ ಮತ್ತೆ ಏರಿದ ಮೇಲೆಯೇ ನಿಲ್ಲಿಸುವುದು ಕ್ರಮ.

ಔಷಧ ಎರಡರಲ್ಲೂ ಒಂದೇ. ಫಿಲ್‌ಗ್ರಾಸ್ಟಿಮ್ ಚಿಕ್ಕ ಅಣು, ಕಿಡ್ನಿ ಬೇಗ ಹೊರಹಾಕುತ್ತದೆ, ಹಾಗಾಗಿ ತೂಕ ನೋಡಿ ದಿನಾ ಕೊಡಬೇಕು. ಅದಕ್ಕೇ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಉದ್ದನೆಯ ಸರಪಳಿ ಜೋಡಿಸಿದರೆ ಪೆಗ್‌ಫಿಲ್‌ಗ್ರಾಸ್ಟಿಮ್. ಗಾತ್ರ ದೊಡ್ಡದಾದ್ದರಿಂದ ಕಿಡ್ನಿಯಲ್ಲಿ ಸೋರುವುದಿಲ್ಲ. ಹಾಗಾದರೆ ಅದನ್ನು ಖಾಲಿ ಮಾಡುವವರು ಯಾರು? ನ್ಯೂಟ್ರೋಫಿಲ್‌ಗಳೇ. ಕಣ ಕಡಿಮೆ ಇರುವಷ್ಟು ದಿನ ಔಷಧ ಉಳಿದು ಕೆಲಸ ಮಾಡುತ್ತದೆ, ಕಣ ಹೆಚ್ಚಿದ ಹಾಗೆ ಅವೇ ಅದನ್ನು ಹೀರಿ ಮುಗಿಸುತ್ತವೆ. ವಯಸ್ಕರಿಗೆ ತೂಕದ ಗೊಡವೆಯಿಲ್ಲದೆ 6 ಮಿಲಿಗ್ರಾಂನ ಒಂದೇ ಸಿರಿಂಜ್ ಸಾಕಾಗುವುದು ಅದಕ್ಕೇ. ನನಗೆ ಈ ಏರ್ಪಾಡು ಬಹಳ ಇಷ್ಟ. ಇಷ್ಟು ಅಚ್ಚುಕಟ್ಟಾಗಿ ತನ್ನ ಪ್ರಮಾಣವನ್ನು ತಾನೇ ನೋಡಿಕೊಳ್ಳುವ ಔಷಧಗಳು ಹೆಚ್ಚಿಲ್ಲ.

ಇತಿಹಾಸ ಬೇಕಾದವರಿಗೆ: ಮೆಲ್ಬರ್ನ್‌ನ ಡೊನಾಲ್ಡ್ ಮೆಟ್‌ಕಾಫ್ ಮಜ್ಜೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತ 1960ರ ದಶಕದಿಂದ ಈ ಪ್ರೋಟೀನ್‌ಗಳ ಬೆನ್ನು ಹತ್ತಿದ್ದರು. ಮನುಷ್ಯರ ಜಿ-ಸಿಎಸ್‌ಎಫ್ ವಂಶವಾಹಿ ಸಿಕ್ಕಿದ್ದು 1986ರಲ್ಲಿ. ಅಮೆರಿಕದಲ್ಲಿ ಫಿಲ್‌ಗ್ರಾಸ್ಟಿಮ್‌ಗೆ ಅನುಮತಿ 1991ರಲ್ಲಿ, ಪೆಗ್‌ಫಿಲ್‌ಗ್ರಾಸ್ಟಿಮ್‌ಗೆ 2002ರಲ್ಲಿ. ಈಗ ಮೂಲ ಔಷಧವನ್ನೇ ಹೋಲುವಂತೆ ಬೇರೆ ಕಂಪನಿಗಳು ತಯಾರಿಸುವ ಬಯೋಸಿಮಿಲರ್‌ಗಳು ಹಲವು ಇವೆ, ಫಿಲ್‌ಗ್ರಾಸ್ಟಿಮ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. “ಅಗ್ಗದ್ದು ಕೊಟ್ಟಿದ್ದಾರೆ, ಕೆಲಸ ಮಾಡುತ್ತದೆಯೇ” ಎಂಬ ಅನುಮಾನ ಬೇಡ. ಅನುಮತಿ ಪಡೆದ ಬಯೋಸಿಮಿಲರ್ ಮೂಲ ಔಷಧದಷ್ಟೇ ಕೆಲಸ ಮಾಡುತ್ತದೆ.

ಸಂಜೆಮಲ್ಲಿಗೆ:

ಮನೆಯಲ್ಲೇ ಹಾಕುವುದನ್ನು ಕಲಿಸಿಕೊಡುತ್ತೇವೆ ಎಂದು ಆಸ್ಪತ್ರೆಯಲ್ಲಿ ಒಪ್ಪಿದ್ದಾರೆ. ಏನೇನು ಗಮನಿಸಬೇಕು?

ದಾದಿಯಮ್ಮ:

ಅವರು ಕಲಿಸಿದ್ದೇ ಕೊನೆಯ ಮಾತು. ನಾನು ಹೇಳುವುದು ಜನ ಸಾಮಾನ್ಯವಾಗಿ ಎಡವುವ ಜಾಗಗಳನ್ನು. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಪೆಟ್ಟಿಗೆಯೊಳಗೇ ಇಡಿ, ಬೆಳಕು ತಾಗಬಾರದು. ಫ್ರೀಜರ್‌ಗೆ ಅಂಟಿಕೊಂಡ ಹಾಗೆ ಇಡಬೇಡಿ. ಹಾಕುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ತಣ್ಣಗಿದ್ದರೆ ಚುರುಗುಟ್ಟುತ್ತದೆ. ಬೇಗ ಬೆಚ್ಚಗಾಗಲಿ ಎಂದು ಬಿಸಿನೀರಿನಲ್ಲಿ ಅದ್ದುವುದು, ಬಿಸಿಲಿಗಿಡುವುದು ಬೇಡವೇ ಬೇಡ. ಕುಲುಕಬೇಡಿ, ಪ್ರೋಟೀನ್ ಕೆಡುತ್ತದೆ. ದ್ರವ ನೀರಿನಂತೆ ತಿಳಿಯಾಗಿರಬೇಕು, ಬಣ್ಣ ತಿರುಗಿದ್ದರೆ ಅಥವಾ ಚೂರುಗಳು ತೇಲುತ್ತಿದ್ದರೆ ಬಳಸಬೇಡಿ.

ಹೊಟ್ಟೆಯ ಮೇಲೆ ಹಾಕುವುದಾದರೆ ಹೊಕ್ಕುಳಿನ ಸುತ್ತ ಎರಡು ಅಂಗುಲ ಬಿಡಿ. ತೊಡೆಯ ಮುಂಭಾಗವೂ ಆಗುತ್ತದೆ. ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು, ಸೂಜಿಯನ್ನು ಒಮ್ಮೆಲೇ ಚುಚ್ಚಿ, ಔಷಧವನ್ನು ಮಾತ್ರ ನಿಧಾನವಾಗಿ ಬಿಡಿ. ಜನ ಸಾಮಾನ್ಯವಾಗಿ ಇದನ್ನು ತಿರುಗಿಸಿ ಮಾಡುತ್ತಾರೆ, ಹೆದರಿ ಸೂಜಿಯನ್ನು ನಿಧಾನಕ್ಕೆ ತಳ್ಳಿ, ಮುಗಿಸಿಬಿಡೋಣವೆಂದು ಔಷಧವನ್ನು ಒಂದೇ ಏಟಿಗೆ ಒತ್ತುತ್ತಾರೆ. ಎರಡೂ ನೋವು. ಆಮೇಲೆ ಉಜ್ಜಬೇಡಿ. ಸೂಜಿಯ ಮುಚ್ಚಳವನ್ನು ಮತ್ತೆ ಹಾಕಲು ಹೋಗದೆ ಗಟ್ಟಿ ಡಬ್ಬಿಗೆ ಹಾಕಿಟ್ಟು ಮುಂದಿನ ಭೇಟಿಯಲ್ಲಿ ಆಸ್ಪತ್ರೆಗೆ ಒಪ್ಪಿಸಿ.

ಮುಂಗಾರು:

ತಂಗಿಯ ಇವತ್ತಿನ ವರದಿಯಲ್ಲಿ ಬಿಳಿ ಕಣ 38,000 ಇದೆ! ಲ್ಯಾಬ್‌ನವರು ಕೆಂಪು ಶಾಯಿಯಲ್ಲಿ ಗುರುತು ಮಾಡಿ “ಸೋಂಕು ಇರಬಹುದು” ಎಂದರು. ಜ್ವರ ಇಲ್ಲ, ಚೆನ್ನಾಗಿದ್ದಾಳೆ.

ಲೆಕ್ಕಿಗ:

ಇಂಜೆಕ್ಷನ್ ಪ್ರಭಾವದಲ್ಲಿ ಇಷ್ಟು ಏರುವುದುಂಟು, ಎಳೆಯ ಕಣಗಳೂ ವರದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಲ್ಯಾಬ್‌ನವರಿಗೆ ಆಕೆ ಇಂಜೆಕ್ಷನ್ ಪಡೆಯುತ್ತಿದ್ದಾಳೆಂದು ಗೊತ್ತಿರುವುದಿಲ್ಲ. ಫಿಲ್‌ಗ್ರಾಸ್ಟಿಮ್ ನಿಲ್ಲಿಸಿದ ಒಂದೆರಡು ದಿನದಲ್ಲೇ ಕೌಂಟ್ ಅರ್ಧದಷ್ಟು ಇಳಿಯುತ್ತದೆ. ಹಾಗೆಂದು ನೀವೇ ತೀರ್ಮಾನಿಸಬೇಡಿ, ಇವತ್ತೇ ವೈದ್ಯರಿಗೆ ವರದಿ ಕಳುಹಿಸಿ. ಬಹುಶಃ ಈಗ ನಿಲ್ಲಿಸಲು ಅವರೇ ಹೇಳುತ್ತಾರೆ.

ಹಳೆಯ ಕೊಡೆ:

ಇದೇ ಸಾಲಿಗೆ ಇನ್ನೊಂದು. ಇಂಜೆಕ್ಷನ್ ಆಗಿ ಸ್ವಲ್ಪ ದಿನಕ್ಕೇ ಪೆಟ್ ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆ, ಸೊಂಟ ಎಲ್ಲ ಒಂದೇ ಸಮ ಹೊಳೆಯುತ್ತವೆ. ಮಜ್ಜೆ ಜೋರಾಗಿ ದುಡಿಯುತ್ತಿರುವುದರ ಹೊಳಪು ಅದು. ನನ್ನ ವರದಿ ಓದಿ ರೋಗ ಮೂಳೆಗೆಲ್ಲ ಹರಡಿತೆಂದು ಮನೆಯಲ್ಲಿ ಊಟ ಬಿಟ್ಟಿದ್ದರು. ಸ್ಕ್ಯಾನ್‌ಗೆ ಹೋದಾಗ ಕೊನೆಯ ಇಂಜೆಕ್ಷನ್ನಿನ ದಿನಾಂಕವನ್ನು ಬರೆದುಕೊಡಿ.

ಅರಳಿಕಟ್ಟೆ:

ಭಾವನವರ ಹಳೆಯ ಕಡತ ತೆಗೆದು ನೋಡಿದೆ. ಅವರ ವೈದ್ಯರು “ಅಪಾಯ ಕಡಿಮೆ, ಜಿ-ಸಿಎಸ್‌ಎಫ್ ಅಗತ್ಯವಿಲ್ಲ” ಎಂದು ಬರೆದೇ ಇಟ್ಟಿದ್ದಾರೆ. ಕಂಪನಿಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಸಂಜೆಮಲ್ಲಿಗೆ:

ಎಲ್ಲರಿಗೂ ವಂದನೆ. ಕೊನೆಯದಾಗಿ ಒಂದು: ಇಂಜೆಕ್ಷನ್ ಹಾಕಿದರೆ ಅಮ್ಮನ ಹಿಮೋಗ್ಲೋಬಿನ್, ಸುಸ್ತು ಕೂಡ ಸುಧಾರಿಸುತ್ತದೆಯೇ? ಪ್ಲೇಟ್‌ಲೆಟ್?

ದಾದಿಯಮ್ಮ:

ಇಲ್ಲ. ಅದು ಕೆಲಸ ಮಾಡುವುದು ನ್ಯೂಟ್ರೋಫಿಲ್‌ಗಳ ಮೇಲೆ ಮಾತ್ರ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಇಳಿದರೆ ಅವಕ್ಕೆ ಬೇರೆ ಚಿಕಿತ್ಸೆ, ಅದನ್ನು ಮುಂದಿನ ಭೇಟಿಯಲ್ಲೇ ಕೇಳಿ. ಸುಸ್ತಿಗಂತೂ ಇದರಿಂದ ಏನೂ ಆಗುವುದಿಲ್ಲ. ನೋವಿನ ಎರಡು ದಿನ ಸುಸ್ತು ಸ್ವಲ್ಪ ಹೆಚ್ಚೇ ಎನಿಸಬಹುದು. ಆ ದಿನಗಳಲ್ಲಿ ಮನೆಗೆ ನೆಂಟರನ್ನು ಕರೆಯಬೇಡಿ, ಥರ್ಮಾಮೀಟರ್‌ನ ಬ್ಯಾಟರಿ ಇವತ್ತೇ ನೋಡಿಡಿ.